ಹೆರಿಗೆ ವಾರ್ಡಿನ ಮಗಳು

ಮೀಟರಪ್ಪನಿಗೆ ಸುಳ್ಳು ಹೇಳುವ ಧೈರ್ಯ ಇರಲಿಲ್ಲ. ಬೇರೆಯವರು ಹೇಳಿದ ಸುಳ್ಳನ್ನು ಅಲ್ಲ ಎನ್ನುವ ಧೈರ್ಯವೂ ಇರಲಿಲ್ಲ. ಈ ಎರಡರ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡೇ ಆ ಮನುಷ್ಯ ಐವತ್ತೆರಡು ವರ್ಷ ಕಳೆದಿದ್ದ.

ನೀರಿನ ಕಚೇರಿಯಲ್ಲಿ ಅವನದು ಮೀಟರ್ ಓದುವ ಕೆಲಸ. ದಿನಕ್ಕೆ ಅರವತ್ತು ಮನೆ. ಹಿತ್ತಿಲಿಗೆ ಹೋಗಿ, ಮುಚ್ಚಳ ಎತ್ತಿ, ಜೇಡರ ಬಲೆ ಒರೆಸಿ, ಟಾರ್ಚ್ ಬಿಟ್ಟು, ಅಂಕಿ ಬರೆದುಕೊಂಡು ಬರುವುದು. ಗೇಟಿನ ತನಕ ಬಂದ ಮೇಲೆ, ಮುಚ್ಚಳ ಹಾಕಿದೆನೋ ಇಲ್ಲವೋ ಎಂಬ ಅನುಮಾನ ಬಂದು ತಿರುಗಿ ಹೋಗಿ ನೋಡುವುದು. ಮೀಟರಿಗಿಂತ ಇವರ ಎದೆಯೇ ಜೋರಾಗಿ ಓಡುತ್ತದೆ ಎಂದು ಹೆಂಡತಿ ಹೇಳುತ್ತಿದ್ದಳು. ಅವಳ ಮಾತಿನಲ್ಲಿ ಉತ್ಪ್ರೇಕ್ಷೆ ಕಡಿಮೆ.

ಅವರ ಒಬ್ಬಳೇ ಮಗಳು ಇತಿಹಾಸ ಓದಲು ದೂರದ ಒಂದು ಖಾಸಗಿ ಕಾಲೇಜು ಸೇರಿದ್ದಳು. ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ಸುತ್ತ ಹೊಲ, ಗುಡ್ಡ, ನಡುವೆ ಕಾಲೇಜು. ಅಲ್ಲಿಯ ನಿಯಮ ವಿಚಿತ್ರ. ಕೂಲಿಯವರು, ಅಡುಗೆಯವರು, ಜಾಡಮಾಲಿಗಳು ಯಾರೂ ಇಲ್ಲ. ಓದುವ ಮಕ್ಕಳೇ ದಿನಕ್ಕೆ ಮೂರು ಗಂಟೆ ಮೈಮುರಿದು ದುಡಿಯಬೇಕು. ಅಡುಗೆ, ಬಟ್ಟೆ ಒಗೆಯುವುದು, ತೋಟ, ಮರಗೆಲಸ, ದನದ ಕೊಟ್ಟಿಗೆ, ಹೀಗೆ ಮೂರು ಮೂರು ತಿಂಗಳಿಗೊಮ್ಮೆ ಪಾಳಿ ಬದಲಾಗುತ್ತದೆ. ಯಾರ ಮಗನಾದರೂ ಸರಿ, ಯಾರ ಮಗಳಾದರೂ ಸರಿ.

ಮೊದಲ ಪಾಳಿ ಮಗಳಿಗೆ ಪಾತ್ರೆ ತೊಳೆಯುವುದು ಬಂತು. ಇದನ್ನು ಎದುರು ಮನೆಯ ನಿವೃತ್ತ ಹೆಡ್‌ಮಾಸ್ತರರಿಗೆ ಹೇಳಿದ್ದು ಮೀಟರಪ್ಪ ಮಾಡಿದ ತಪ್ಪು.

"ಮಗಳನ್ನ ಓದೋಕೆ ಕಳಿಸಿದ್ಯೋ, ಮುಸುರೆ ತಿಕ್ಕೋಕೆ ಕಳಿಸಿದ್ಯೋ?" ಎಂದರು ಹೆಡ್‌ಮಾಸ್ತರರು.

"ಎರಡಕ್ಕೂ ಸಾರ್."

"ಓಹೋ! ಮುಸುರೆ ತಿಕ್ಕೋ ಡಿಗ್ರಿ ಎಷ್ಟು ವರ್ಷದ್ದಪ್ಪ?"

ಹೆಡ್‌ಮಾಸ್ತರರು ಬೀದಿಗೆಲ್ಲ ಕೇಳುವ ಹಾಗೆ ನಕ್ಕರು. ಮೀಟರಪ್ಪನೂ ಜೊತೆಗೆ ನಕ್ಕ. ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ಅವನಿಗೆ ಅವಮಾನವಾಯಿತು.

ಹೀಗಿರುವಾಗ ಒಂದು ಸೋಮವಾರ ಬೆಳಿಗ್ಗೆ ಮಗಳ ಫೋನ್ ಬಂತು. ಆ ಕಾಲೇಜಿನಲ್ಲಿ ಸಿಗ್ನಲ್ ಸಿಗುವುದು ನೀರಿನ ಟ್ಯಾಂಕಿನ ಮೆಟ್ಟಿಲ ಮೇಲೆ ಮಾತ್ರ. ಅಲ್ಲೂ ಗಾಳಿಯ ಮನಸ್ಸು ಬಂದಷ್ಟು.

"ಅಪ್ಪಾ, ನನ್ನ ಪಾಳಿ ಬದಲಾಯ್ತು! ಈಗ ಹೆರಿಗೆ ವಾರ್ಡು. ಒಂದೇ ವಾರದಲ್ಲಿ ಮೂರು ಹೆರಿಗೆ. ಒಂದು ಅವಳಿ. ಅದನ್ನ ನಾನೇ ಕೈಯಾರೆ..."

ಗಾಳಿ ಮನಸ್ಸು ಬದಲಿಸಿತು. ಫೋನ್ ಸತ್ತಿತು.

ಮೀಟರಪ್ಪ ಫೋನನ್ನೇ ನೋಡುತ್ತ ಕುಳಿತ. ಇತಿಹಾಸ ಓದುವ ಹುಡುಗಿಗೆ ಹೆರಿಗೆ ಮಾಡಿಸುವ ಕೆಲಸ ಕೊಡುತ್ತಾರೆಯೇ? ಆದರೆ ಪ್ರಿನ್ಸಿಪಾಲರೇ ಕಸ ಗುಡಿಸುವ ಕಾಲೇಜಿನಲ್ಲಿ ಏನು ತಾನೇ ಆಗಬಾರದು?

"ಇನ್ನೊಂದು ಸಲ ಫೋನ್ ಮಾಡಿ ಸರಿಯಾಗಿ ಕೇಳ್ರೀ" ಎಂದಳು ಹೆಂಡತಿ.

"ಕೇಳ್ತೀನಿ" ಎಂದ ಮೀಟರಪ್ಪ. ಕೇಳಲಿಲ್ಲ. ಕೇಳಿದರೆ ಏನು ಉತ್ತರ ಬಂದೀತೋ ಎಂಬ ಭಯ. ಆ ಉತ್ತರ ಬರುವ ಮೊದಲು ಎದುರು ಮನೆಯ ಮೀಟರ್ ಓದಿ ಬರಬೇಕು ಎಂಬ ಆಸೆ.

ಹೆಡ್‌ಮಾಸ್ತರರ ಹಿತ್ತಿಲಲ್ಲಿ ಮುಚ್ಚಳ ಎತ್ತುತ್ತ, ತಾನಾಗಿ ಬಾಯಿಗೆ ಬಂದಂತೆ ಹೇಳಿದ: "ಮಗಳು ಈಗ ಹೆರಿಗೆ ವಾರ್ಡಲ್ಲಿದಾಳೆ ಸಾರ್. ಅವಳಿ ಹೆರಿಗೆನೂ ಮಾಡ್ಸಿದಾಳಂತೆ."

ಇಷ್ಟೇ ಅವನು ಹೇಳಿದ್ದು. ಮುಂದಿನದಕ್ಕೆ ಅವನು ಹೊಣೆಯಲ್ಲ ಎಂದು ಅವನ ವಾದ. ಆದರೆ ಆ ದಿನ ಇನ್ನೂ ಐವತ್ತೊಂಬತ್ತು ಮನೆ ಬಾಕಿ ಇದ್ದವು ಎಂಬುದನ್ನು ಓದುಗರು ಗಮನದಲ್ಲಿಡಬೇಕು.

ಸೋಮವಾರ ನರ್ಸ್ ಆಗಿದ್ದ ಹುಡುಗಿಗೆ ಬುಧವಾರ ಡಾಕ್ಟರಾಗಿ ಬಡ್ತಿ ಸಿಕ್ಕಿತು, ಗುರುವಾರ ತಜ್ಞೆ. ದಿನಸಿ ಅಂಗಡಿಯವನು ಮೀಟರಪ್ಪನನ್ನು ನಿಲ್ಲಿಸಿ, "ಏನ್ ಸಾರ್, ಇಷ್ಟು ದಿನ ಹೇಳ್ಲೇ ಇಲ್ವಲ್ಲ" ಎಂದು ಕೈ ಕುಲುಕಿದ. ಹೆಡ್‌ಮಾಸ್ತರರ ಹೆಂಡತಿ ಮಂಡಿ ನೋವಿಗೆ ಔಷಧ ಕೇಳಿದರು. "ಅವಳು ಮಂಡಿ ನೋಡಲ್ಲಮ್ಮ" ಎಂದರೆ, "ಅಷ್ಟು ದೊಡ್ಡ ಡಾಕ್ಟರು, ಮಂಡಿ ಎಲ್ಲಿ ನೋಡ್ತಾರೆ ಬಿಡಿ" ಎಂದು ಇನ್ನಷ್ಟು ಗೌರವ ಕೊಟ್ಟರು. ಮೀಟರಪ್ಪ ಅಲ್ಲ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಅವರು ಕೂರಲು ಕುರ್ಚಿ ಕೊಟ್ಟರು. ಇಪ್ಪತ್ತೆರಡು ವರ್ಷ ಆ ಮನೆಯ ಮೀಟರ್ ಓದಿದ್ದಾನೆ, ಕುರ್ಚಿ ಅದೇ ಮೊದಲು. ಬಾಯಿ ಮುಚ್ಚಿ ಕುಳಿತ.

ಶುಕ್ರವಾರ ಎಂಜಿನಿಯರ್ ಸಾಹೇಬರಿಂದ ಕರೆ ಬಂತು.

ಸಾಹೇಬರು ಎಂದರೆ ನೀರಿನ ಕಚೇರಿಗೆ ಕಚೇರಿಯೇ ನಡುಗುತ್ತಿತ್ತು. ಅವರು ಕೆಮ್ಮಿದರೆ ನಾಲ್ಕು ಮೇಜಿನ ಫೈಲುಗಳು ತಾವಾಗಿ ತೆರೆದುಕೊಳ್ಳುತ್ತಿದ್ದವು. ಅಂಥವರು ಎದ್ದು ಕೊಠಡಿಯ ಬಾಗಿಲು ಹಾಕಿ, ದನಿ ತಗ್ಗಿಸಿ ಮಾತಾಡಿದರು.

"ನನ್ನ ಹೆಂಡ್ತಿಗೆ ದಿನ ತುಂಬಿದೆ ಮೀಟರಪ್ಪ. ಮಗು ಅಡ್ಡ ಇದೆ, ಮಂಗಳವಾರ ಆಪರೇಷನ್ ಅಂತ ಡಾಕ್ಟರ್ ಹೇಳಿದಾರೆ. ನಮ್ಮತ್ತೆ ಸುತರಾಂ ಒಪ್ತಾ ಇಲ್ಲ. ಕತ್ತಿ ಅಂದ್ರೆ ಎದ್ದು ನಿಂತ್ಕೋತಾರೆ. ಈಗ ಯಾರೋ ನಿನ್ನ ಮಗಳ ಕೈಗುಣ ಚೆನ್ನಾಗಿದೆ, ಅಡ್ಡ ಇರೋ ಮಗೂನ ಹಾಗೇ ತಿರುಗಿಸಿಬಿಡ್ತಾಳೆ ಅಂದಿದಾರೆ."

"ಯಾರು ಸಾರ್ ಅಂದಿದ್ದು?"

"ಊರೇ ಅಂತಿದೆಯಲ್ಲಯ್ಯಾ! ಭಾನುವಾರ ನನ್ನ ಕಾರಲ್ಲಿ ಹೋಗೋಣ. ನೀನೂ ಬರ್ತೀಯ."

"ಸಾರ್, ಅವಳಿನ್ನೂ ಚಿಕ್ಕೋಳು..."

"ನಮ್ಮತ್ತೆಗೆ ಆಗಲ್ಲ ಅಂತ ನೀನು ಹೇಳ್ತೀಯೋ, ನಾನು ಹೇಳ್ಬೇಕೋ?"

ಸಾಹೇಬರ ಹಣೆಯಲ್ಲಿ ಬೆವರಿತ್ತು. ಅವರು ಹೆದರುವ ಜೀವ ಒಂದು ಈ ಲೋಕದಲ್ಲಿದೆ ಎಂದು ಮೀಟರಪ್ಪನಿಗೆ ಆಗ ಗೊತ್ತಾಯಿತು. ಆ ಜೀವವನ್ನು ತಾನೂ ಭೇಟಿಯಾಗಬೇಕೆಂಬುದು ಗೊತ್ತಾದದ್ದು ಹೊರಗೆ ಬಂದ ಮೇಲೆ.

ಶನಿವಾರ ಮಧ್ಯಾಹ್ನದಿಂದ ಅವನು ಫೋನ್ ಮಾಡುತ್ತಲೇ ಇದ್ದ. ಸಂಜೆ ಸಿಕ್ಕಳು.

"ಮಗಾ, ಆ ಹೆರಿಗೆ ವಾರ್ಡಲ್ಲಿ ನೀನು ನಿಜವಾಗಿ ಏನ್ ಮಾಡ್ತೀಯ?"

"ಏನಿಲ್ಲಪ್ಪಾ, ಹುಲ್ಲು ಹಾಸೋದು, ಬಿಸಿನೀರು ಕಾಯಿಸೋದು, ಮರಿ ಹೊರಗೆ ಬಂದ್ಮೇಲೆ ಒರೆಸೋದು."

"ಮರಿ?"

"ಮೇಕೆ ಮರಿ ಅಪ್ಪಾ! ಮೇಕೆ ದೊಡ್ಡಿಗೆ ನಾವು ಹೆರಿಗೆ ವಾರ್ಡ್ ಅಂತೀವಿ. ಹೇಳಿದ್ನಲ್ಲ?"

ಮೀಟರಪ್ಪ ಫೋನ್ ಇಟ್ಟ. ಪಕ್ಕದಲ್ಲಿದ್ದ ಹೆಂಡತಿಗೆ ಎಲ್ಲ ಕೇಳಿಸಿತ್ತು.

"ಮನುಷ್ಯರಿಗೆ ಹೆರಿಗೆ, ಮೇಕೆ ಈಯುತ್ತೆ" ಎಂದಳು ಅವಳು ತಣ್ಣಗೆ. "ಇಷ್ಟು ಕನ್ನಡ ನಿಮ್ಮ ಮಗಳಿಗೆ ಕಲಿಸಿದ್ರೆ ಈ ಗತಿ ಬರ್ತಿತ್ತಾ? ಈಗಲೇ ಹೋಗಿ ಸಾಹೇಬರಿಗೆ ಹೇಳಿ ಬನ್ನಿ. ತುಂಬಿದ ಬಸುರಿ ಕಣ್ರೀ."

ಹೋದ. ಸಾಹೇಬರ ಮನೆಯ ಗೇಟಿನ ತನಕ ಹೋದ. ಒಳಗಿನಿಂದ ಹೆಂಗಸಿನ ಗಟ್ಟಿ ದನಿ ಕೇಳಿಸಿತು: "ಆ ಹುಡುಗಿ ಒಬ್ಬಳೇ ನನಗಿರೋ ನಂಬಿಕೆ!" ಮೀಟರಪ್ಪ ಗೇಟಿನ ಚಿಲಕ ಹಿಡಿದು ಸ್ವಲ್ಪ ಹೊತ್ತು ನಿಂತ, ಚಿಲಕ ಸರಿಯಾಗಿ ಹಾಕಿದೆಯೇ ಎಂದು ಪರೀಕ್ಷಿಸಿ ಮನೆಗೆ ಬಂದ. ಅಲ್ಲಿ ಹೇಳುವುದಕ್ಕಿಂತ ದಾರಿಯಲ್ಲಿ ಹೇಳುವುದು ಸುಲಭ ಎಂದು ಹೆಂಡತಿಗೆ ಸಮಾಧಾನ ಹೇಳಿದ. ಅವಳು ಸಮಾಧಾನಪಡಲಿಲ್ಲ.

ಭಾನುವಾರ ಬೆಳಿಗ್ಗೆ ಕಾರು ಹೊರಟಿತು. ಸಾಹೇಬರು ಸ್ಟಿಯರಿಂಗ್ ಹಿಡಿದಿದ್ದರು. ಪಕ್ಕದಲ್ಲಿ ಮೀಟರಪ್ಪ. ಹಿಂದೆ ಸಾಹೇಬರ ಹೆಂಡತಿ, ಎರಡು ದಿಂಬುಗಳ ನಡುವೆ, ಒಂದೂ ಮಾತಿಲ್ಲದೆ. ಅವಳ ಪರವಾಗಿ ಅವಳ ತಾಯಿಯೇ ಮಾತಾಡುತ್ತಿದ್ದರು. ಹಳ್ಳ ಬಂದಾಗಲೆಲ್ಲ "ಅಯ್ಯೋ" ಎನ್ನುತ್ತಿದ್ದುದೂ ಅವರೇ.

ಮೀಟರಪ್ಪ ಗಂಟಲು ಸರಿಮಾಡಿಕೊಂಡ. "ಅಮ್ಮಾ, ಒಂದು ಮಾತು. ನನ್ನ ಮಗಳು ನೋಡ್ಕೊಳ್ಳೋರು... ಸ್ವಲ್ಪ ಬೇರೆ ಥರದವರು."

"ಬಡವರು ಅಂತೀರಾ? ನಮಗೇನೂ ಬೇಜಾರಿಲ್ಲಪ್ಪ."

"ಬಡವರು ಅಂತಲ್ಲ. ಸೊಪ್ಪು ಸದೆ ತಿಂದ್ಕೊಂಡು ಇರೋರು."

"ಒಳ್ಳೇದೇ ಆಯ್ತಲ್ಲ! ಅದಕ್ಕೇ ಅವರಿಗೆ ಸುಲಭವಾಗಿ ಹೆರಿಗೆ ಆಗುತ್ತೆ. ಕೇಳಿಸ್ಕೊಂಡ್ಯಾ?" ಎಂದು ಅತ್ತೆ ಮಗಳಿಗೆ ಹೇಳಿದರು. "ಸೊಪ್ಪು ತಿನ್ನು ಅಂತ ಒಂಬತ್ತು ತಿಂಗಳಿಂದ ಬಡ್ಕೋತಾ ಇದೀನಿ."

"ಹಾಗಲ್ಲಮ್ಮ, ಅವರಿಗೆ ಮಾತು ಬರಲ್ಲ."

"ಪಾಪ!" ಎಂದು ಅತ್ತೆ ಕಣ್ಣೊರೆಸಿಕೊಂಡರು. "ಮೂಗರ ಸೇವೆ. ಎಂಥ ಮಗಳನ್ನ ಹೆತ್ತಿದೀರಿ!"

ಇಷ್ಟಾದ ಮೇಲೆ ಮನುಷ್ಯನಾದವನು ಏನು ಹೇಳಬೇಕು? ಮೀಟರಪ್ಪ ಕಿಟಕಿಯ ಹೊರಗೆ ನೋಡಿದ. ದಾರಿಯುದ್ದಕ್ಕೂ ಮೇಕೆಗಳು ಮೇಯುತ್ತಿದ್ದವು. ಒಂದೊಂದೂ ತಲೆ ಎತ್ತಿ ತನ್ನನ್ನೇ ನೋಡಿದಂತೆ ಅವನಿಗೆ ಕಂಡಿತು.

ಕಾಲೇಜಿನ ಗೇಟಿನಲ್ಲಿ ಕನ್ನಡಕದ ಹುಡುಗಿಯೊಬ್ಬಳು ದಪ್ಪ ಪುಸ್ತಕ ಓದುತ್ತ ಕಾವಲು ಕಾಯುತ್ತಿದ್ದಳು. ಕಾರಿನ ನಂಬರ್ ಬರೆದುಕೊಂಡು ಒಳಗೆ ಬಿಟ್ಟಳು. ಎರಡೂ ಕಡೆ ತರಕಾರಿ ಮಡಿ, ಒಣಗಲು ಹಾಕಿದ ನೂರಾರು ಬಟ್ಟೆ, ಗೋಡೆಗೆ ಸುಣ್ಣ ಬಳಿಯುತ್ತಿರುವ ತರುಣರು. ದಾರಿಯ ಪಕ್ಕದ ಚರಂಡಿಯಲ್ಲಿ ಮುದುಕನೊಬ್ಬ ಸಲಿಕೆ ಹಿಡಿದು ಕೆಸರು ಎತ್ತಿ ಹಾಕುತ್ತಿದ್ದ.

ಸಾಹೇಬರು ಕಾರು ನಿಲ್ಲಿಸಿ ಗದರಿದರು. "ಏಯ್, ಯಾರಯ್ಯ ಅದು? ಪ್ರಿನ್ಸಿಪಾಲರು ಎಲ್ಲಿದಾರೆ?"

"ಮೊಣಕಾಲುದ್ದ ಕೆಸರಲ್ಲಿದಾರೆ ಸ್ವಾಮಿ" ಎಂದು ಮುದುಕ ಮೇಲಕ್ಕೆ ಹತ್ತಿಬಂದ. "ನಾನೇ. ತಾವು?"

ಸಾಹೇಬರ ಗದರಿಕೆ ಗಂಟಲಲ್ಲೇ ಇಳಿದುಹೋಯಿತು. ತಾವು ನೀರಿನ ಕಚೇರಿಯ ಎಂಜಿನಿಯರ್ ಎಂದು ತೊದಲಿದರು. ಪ್ರಿನ್ಸಿಪಾಲರ ಮುಖ ಅರಳಿತು.

"ಸರಿಯಾದ ಹೊತ್ತಿಗೆ ಬಂದ್ರಿ! ಈ ಚರಂಡಿ ಮೂರು ದಿನದಿಂದ ಹಿಂದಕ್ಕೆ ಹರೀತಾ ಇದೆ. ಇಲ್ಲಿ ಬಂದೋರೆಲ್ಲ ಏನಾದ್ರೂ ಕೆಲಸ ಮಾಡ್ಬೇಕು ಅಂತ ನಿಯಮ. ಬನ್ನಿ, ಇಳೀರಿ, ಇಳಿಜಾರು ಎಲ್ಲಿ ತಪ್ಪಿದೆ ನೋಡಿ."

ಏಯ್ ಎಂದು ಗದರಿದ ಪಾಪಪ್ರಜ್ಞೆಗೆ ಸಾಹೇಬರು ಪ್ಯಾಂಟು ಮಡಚಿ ಚರಂಡಿಗೆ ಇಳಿದರು. ಹೋಗುವ ಮೊದಲು ಮೀಟರಪ್ಪನಿಗೆ, "ಇವರನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗಯ್ಯ" ಎಂದರು. ಹೀಗೆ ಮೀಟರಪ್ಪ ಇಬ್ಬರು ಹೆಂಗಸರೊಂದಿಗೆ ಒಂಟಿಯಾದ.

ಅನತಿ ದೂರದಲ್ಲಿ ಮರದ ಹಲಗೆ ಕಾಣಿಸಿತು. 'ಹೆರಿಗೆ ವಾರ್ಡ್. ಸದ್ದು ಮಾಡಬೇಡಿ' ಎಂದು ದಪ್ಪಗೆ ಬರೆದು, ಕೆಳಗೆ ಸಣ್ಣಗೆ, 'ಬಾಗಿಲು ಹಾಕಿಕೊಂಡು ಹೋಗಿ. ಇಲ್ಲದಿದ್ದರೆ ತೋಟಕ್ಕೆ ನುಗ್ಗುತ್ತವೆ' ಎಂದಿತ್ತು.

"ಏನು ನುಗ್ಗುತ್ತವೆ?" ಎಂದರು ಅತ್ತೆ.

ಮೀಟರಪ್ಪ ಉತ್ತರ ಹುಡುಕುವ ಮೊದಲೇ ಒಳಗಿನಿಂದ ಉತ್ತರ ಬಂತು: "ಮ್ಯಾ..."

ಅತ್ತೆ ಬಾಗಿಲು ತಳ್ಳಿದರು. ಹುಲ್ಲಿನ ಮೇಲೆ ಕಂದು ಮೇಕೆಯೊಂದು ಮಲಗಿ ಏದುಸಿರು ಬಿಡುತ್ತಿತ್ತು. ಅದರ ಪಕ್ಕದಲ್ಲಿ ಮಂಡಿಯೂರಿ ಕುಳಿತಿದ್ದಳು ಊರಿನ ಪ್ರಖ್ಯಾತ ತಜ್ಞೆ. ತೋಳು ಮಡಚಿ, ಕೂದಲಲ್ಲಿ ಹುಲ್ಲು ಸಿಕ್ಕಿಸಿಕೊಂಡು.

"ಅಪ್ಪಾ? ನೀನೇನು ಇಲ್ಲಿ?"

ಅತ್ತೆ ಮೇಕೆಯನ್ನು ನೋಡಿದರು, ಹುಡುಗಿಯನ್ನು ನೋಡಿದರು, ಕೊನೆಗೆ ಮೀಟರಪ್ಪನನ್ನು ನೋಡಿದರು. ಅವನು ತನ್ನ ಚಪ್ಪಲಿಯನ್ನು ನೋಡಿಕೊಂಡ.

"ಮೇಕೆ!" ಎಂದರು ಅತ್ತೆ. "ದಿನ ತುಂಬಿದ ನನ್ನ ಮಗಳನ್ನ ಮೂರು ಗಂಟೆ ಕುಲುಕಿಸ್ಕೊಂಡು ಮೇಕೆ ಡಾಕ್ಟರ ಹತ್ರ ತಂದಿದೀಯೇನಯ್ಯ?"

"ನಾನು ಮೇಕೆ ಡಾಕ್ಟರೂ ಅಲ್ಲಮ್ಮ" ಎಂದಳು ಮಗಳು ಗಾಬರಿಯಲ್ಲಿ. "ನಾನು ಇತಿಹಾಸ ಓದ್ತಾ ಇರೋದು."

ಅತ್ತೆ ಮುಂದೆ ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಅದರಲ್ಲಿ ಮೀಟರಪ್ಪನ ವಂಶ, ಬುದ್ಧಿ ಮತ್ತು ಮುಖ ಮೂರೂ ಬಂದವು. ಪಕ್ಕದ ಅಂಕಣದಲ್ಲಿದ್ದ ಮರಿಗಳು ಹೆದರಿ ಮೂಲೆ ಸೇರಿದವು. ಮೀಟರಪ್ಪನಿಗೂ ಅಲ್ಲಿಗೇ ಹೋಗಬೇಕೆನ್ನಿಸಿತು.

ಅಷ್ಟರಲ್ಲಿ ಸಾಹೇಬರ ಹೆಂಡತಿ, ಬೆಳಗಿನಿಂದ ತುಟಿ ಬಿಚ್ಚದವಳು, ಮೆಲ್ಲಗೆ ಮುಂದೆ ಬಂದಳು. ತಲೆಕೆಳಗಾಗಿಟ್ಟ ಬಕೆಟಿನ ಮೇಲೆ ಕಷ್ಟಪಟ್ಟು ಕುಳಿತಳು.

"ಇದಕ್ಕೇನಾಗಿದೆ?" ಎಂದು ಕೇಳಿದಳು.

"ಮರಿ ಅಡ್ಡ ಬಿದ್ದಿದೆ ಅಕ್ಕ. ಬೆಳಿಗ್ಗೆಯಿಂದ ನೋವು ತಿಂತಾ ಇದೆ."

"ನೀನು ತಿರುಗಿಸ್ತೀಯಂತೆ, ಕೈಯಿಂದ?"

ಮಗಳು ತಲೆಯಾಡಿಸಿದಳು. "ಇಲ್ಲ. ಮೊನ್ನೆ ಒಂದಕ್ಕೆ ಹೀಗೇ ಆಗಿತ್ತು. ಆಗ್ಲೇ ಎರಡು ಮೂರು ನೋಡಿದ್ನಲ್ಲ, ಎಲ್ಲಾ ಬರುತ್ತೆ ಅನ್ನೋ ಧಿಮಾಕು. ಸ್ವಲ್ಪ ಕಾಯೋಣ, ತಾನೇ ಸರಿಹೋಗುತ್ತೆ ಅಂತ ಕಾದೆ. ತಾಯೀನೂ ಹೋಯ್ತು, ಮರೀನೂ ಹೋಯ್ತು." ಅವಳು ಮೇಕೆಯ ತಲೆಯ ಕೆಳಗೆ ಹುಲ್ಲು ಸರಿಪಡಿಸಿದಳು. "ಇವತ್ತು ನೋಡಿದ ತಕ್ಷಣ ಟ್ಯಾಂಕ್ ಹತ್ತಿ ಪಶುವೈದ್ಯರಿಗೆ ಫೋನ್ ಮಾಡ್ದೆ. ದಾರೀಲಿದಾರೆ."

ಸಾಹೇಬರ ಹೆಂಡತಿ ಕೈ ಚಾಚಿ ಮೇಕೆಯ ಹೊಟ್ಟೆ ಸವರಿದಳು.

"ನನ್ನದೂ ಅಡ್ಡ ಇದೆ" ಎಂದಳು. ಆಮೇಲೆ ತಾಯಿಯ ಕಡೆ ತಿರುಗಿದಳು. "ಅಮ್ಮಾ, ಮೇಕೆಗೇ ಡಾಕ್ಟರ್ ಬೇಕಂತೆ. ನನಗೆ ಬೇಡ್ವಾ?"

"ನನ್ನ ತಂಗಿ..." ಎಂದರು ಅತ್ತೆ. ಆ ಗಟ್ಟಿ ದನಿ ಎಲ್ಲಿ ಹೋಯಿತೋ. "ಅವಳು ಹೀಗೇ ನಡ್ಕೊಂಡು ಆಪರೇಷನ್ ಕೋಣೆಗೆ ಹೋದೋಳು. ವಾಪಸ್ ಬರ್ಲಿಲ್ಲ ಮಗಳೇ."

"ಅದು ಮೂವತ್ತು ವರ್ಷದ ಹಿಂದಿನ ಮಾತಮ್ಮ. ನನಗೂ ಭಯ ಇದೆ. ಒಂಬತ್ತು ತಿಂಗಳಲ್ಲಿ ನಿನಗೆ ಭಯನಾ ಅಂತ ಯಾರೂ ನನ್ನ ಕೇಳ್ಲಿಲ್ಲ. ನಡಿ, ಮಂಗಳವಾರದ ತನಕ ಬೇಡ. ಈಗ್ಲೇ ಆಸ್ಪತ್ರೆಗೆ ಹೋಗೋಣ."

ಅತ್ತೆ ಮಗಳ ತೋಳು ಹಿಡಿದು ಎಬ್ಬಿಸಿದರು. ಬಾಗಿಲಲ್ಲಿ ಒಮ್ಮೆ ನಿಂತು ಮೇಕೆಯನ್ನು ನೋಡಿದರು. ಬಾಗಿಲು ಹಾಕಿಕೊಂಡು ಹೊರಟರು.

ಸಾಹೇಬರು ತೊಡೆಯ ತನಕ ಕೆಸರಾಗಿ ಓಡಿಬಂದರು. ಚರಂಡಿ ಮುಂದಕ್ಕೆ ಹರಿಯತೊಡಗಿದ್ದ ಸಂತೋಷ ಮುಖದಲ್ಲಿತ್ತು. ಹೆಂಡತಿ ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದ ಮೇಲೆ ಅದು ಉಳಿಯಲಿಲ್ಲ. ಕಾರಿನ ಬಾಗಿಲು ಹಾಕಿಕೊಂಡು, ಗಾಜು ಇಳಿಸಿ, ಒಂದೇ ಮಾತು ಹೇಳಿದರು.

"ಬುಧವಾರ ನನ್ನ ಕೊಠಡಿಗೆ ಬಾ."

ಕಾರು ಹೋಯಿತು. ಅದರಲ್ಲಿ ತನಗೂ ಒಂದು ಸೀಟಿತ್ತು ಎಂದು ಮೀಟರಪ್ಪನಿಗೆ ಹೊಳೆದದ್ದು ಧೂಳು ಇಳಿದ ಮೇಲೆ.

ಅವನು ದೊಡ್ಡಿಗೆ ಮರಳಿದಾಗ ಮಗಳು ತಲೆ ಎತ್ತಲಿಲ್ಲ. "ಅಪ್ಪಾ, ನಾನು ಡಾಕ್ಟರ್ ಅಂತ ಎಲ್ಲರಿಗೂ ನೀನು ಹೇಳಿದ್ಯಾ?"

"ನಾನು ಹೇಳ್ಲಿಲ್ಲಮ್ಮ. ಅವರು ಹೇಳಿದಾಗ ಅಲ್ಲ ಅನ್ಲಿಲ್ಲ, ಅಷ್ಟೇ."

"ಮೇಕೆ ಅಂತ ಹೇಳೋಕೆ ನಾಚಿಕೆನಾ?"

ಮೀಟರಪ್ಪನ ಅದೃಷ್ಟಕ್ಕೆ ಪಶುವೈದ್ಯರ ಮೋಟರ್‌ಸೈಕಲ್ ಬಂದು ನಿಂತಿತು. ವೈದ್ಯರು ಕೈಗೆ ಸೋಪು ಹಚ್ಚುತ್ತಲೇ ಅವನ ಕಡೆ ನೋಡಿ, "ನೀವು ತಲೆ ಹಿಡ್ಕೊಳ್ಳಿ. ಗಟ್ಟಿಯಾಗಿ. ಏನೇ ಆದ್ರೂ ಬಿಡ್ಬೇಡಿ" ಎಂದರು.

"ನಾನಾ?"

"ಅಪ್ಪಾ, ಹಿಡ್ಕೋ!" ಎಂದಳು ಮಗಳು.

ಹಿಡಿದುಕೊಂಡ. ಜೀವಮಾನದಲ್ಲಿ ಬೆಕ್ಕನ್ನೂ ಮುಟ್ಟದವನು ಮೇಕೆಯ ಕತ್ತನ್ನು ತಬ್ಬಿ ಹುಲ್ಲಿನ ಮೇಲೆ ಕುಳಿತ. ಮೇಕೆ ಅವನ ಅಂಗಿಯ ತೋಳು ಕಚ್ಚಿಹಿಡಿಯಿತು. ಅದು ನಡುಗಿದಾಗ ಅವನೂ ನಡುಗಿದ. ಅದು ಕೂಗಿದಾಗ ಅವನೂ ಕೂಗಿದ. "ನೀವು ಸುಮ್ನಿರಿ ಸಾರ್, ಅದಕ್ಕೆ ಗಾಬರಿಯಾಗುತ್ತೆ" ಎಂದು ವೈದ್ಯರು ಗದರಿದರು. ಅಲ್ಲಿಂದ ಮುಂದೆ ಅವನು ಕೂಗಲಿಲ್ಲ. ಮೇಕೆಯ ಕಿವಿಯಲ್ಲಿ, "ಆಯ್ತಮ್ಮ, ಆಯ್ತು, ಇನ್ನೊಂದು ಸ್ವಲ್ಪ" ಎಂದು ಹೇಳುತ್ತಲೇ ಇದ್ದ. ಇಪ್ಪತ್ತು ವರ್ಷದ ಹಿಂದೆ ಆಸ್ಪತ್ರೆಯ ಜಗಲಿಯಲ್ಲಿ ಅತ್ತಿಂದಿತ್ತ ತಿರುಗುತ್ತ, ಒಳಗಿದ್ದ ಹೆಂಡತಿಗೆ ಹೇಳಲಾಗದೆ ಉಳಿದ ಮಾತೂ ಅದೇ.

ಮಧ್ಯಾಹ್ನದ ಗಂಟೆ ಬಾರಿಸುವ ಹೊತ್ತಿಗೆ ಮೊದಲ ಮರಿ ಬಂತು. ಅದರ ಬೆನ್ನಿಗೇ ಯಾರೂ ನಿರೀಕ್ಷಿಸದ ಎರಡನೆಯದೂ ಬಂತು. ಮಗಳು ಅದನ್ನು ಒರೆಸಿ ಅಪ್ಪನ ಮಡಿಲಲ್ಲಿ ಹಾಕಿದಳು. ಅದು ಅಲ್ಲೇ ನಿಲ್ಲಲು ನೋಡಿ ಮೂರು ಸಲ ಬಿತ್ತು.

ಬುಧವಾರ ಕಚೇರಿಯಲ್ಲಿ ಯಾರೂ ಮೀಟರಪ್ಪನ ಮುಖ ನೋಡಲಿಲ್ಲ. ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಹೆಡ್ ಗುಮಾಸ್ತರು ಕ್ಷಮಾಪಣೆ ಪತ್ರದ ಒಕ್ಕಣೆ ಹೇಳಿಕೊಟ್ಟರು. ಇನ್ನೊಬ್ಬ ಮೀಟರ್ ಓದುವವನು, "ನಿಮ್ಮ ಟಾರ್ಚ್ ಚೆನ್ನಾಗಿದೆ, ಹೋಗುವಾಗ ನನಗೇ ಕೊಟ್ಟು ಹೋಗಿ" ಎಂದ. ಸಾಹೇಬರ ಕೊಠಡಿಯ ಹತ್ತಿರ ಬರುವಷ್ಟರಲ್ಲಿ ಮೀಟರಪ್ಪನ ಕೈಯಲ್ಲಿದ್ದ ಪತ್ರ ಬೆವರಿನಿಂದ ಒದ್ದೆಯಾಗಿ ಅಕ್ಷರ ಕಲಸಿಹೋಗಿತ್ತು.

ಸಾಹೇಬರು ನಿದ್ದೆಗೆಟ್ಟ ಕಣ್ಣಿನಿಂದ ಅವನನ್ನು ನೋಡಿದರು.

"ಸೋಮವಾರ ಬೆಳಿಗ್ಗೆ ಆಪರೇಷನ್ ಆಯ್ತು. ಹೆಣ್ಣು ಮಗು. ಇಬ್ಬರೂ ಚೆನ್ನಾಗಿದಾರೆ. ಇನ್ನೂ ತಡ ಮಾಡಿದ್ರೆ ಕಷ್ಟ ಆಗ್ತಿತ್ತು ಅಂದ್ರು ಡಾಕ್ಟರು."

ಮೀಟರಪ್ಪ ಒದ್ದೆ ಪತ್ರ ಬಿಡಿಸಿ ಓದಲು ನೋಡಿದ. "ಸಾರ್, ಅವತ್ತು ನಾನು..."

"ನಿನ್ನ ಮೇಲೆ ನನಗೆ ಕೋಪ ಇದೆ. ತುಂಬಾ ಇದೆ. ಅದನ್ನ ಆಮೇಲೆ ಮಾಡ್ಕೋತೀನಿ. ಮೊದಲು ಇದನ್ನ ತಗೋ. ಎರಡು ದಿನದಿಂದ ನನ್ನ ಜೀವ ತಿಂತಾ ಇದಾರೆ." ಸಾಹೇಬರು ಫೋನನ್ನು ಮುಂದೆ ಚಾಚಿದರು. "ನಮ್ಮತ್ತೆ."

ಮೀಟರಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗಿಟ್ಟುಕೊಂಡ.

"ಅಮ್ಮಾ?"

ಅತ್ತ ಕಡೆಯಿಂದ ಎಳೆಗೂಸಿನ ಅಳು ಕೇಳಿಸಿತು. ಆಮೇಲೆ ಅತ್ತೆಯ ದನಿ: "ಆ ಮೇಕೆ ಏನಾಯ್ತು? ಬದುಕ್ತಾ?"

ಮೀಟರಪ್ಪ ನೆಟ್ಟಗೆ ನಿಂತ. ಕೈಯಲ್ಲಿದ್ದ ಪತ್ರ ನೆಲಕ್ಕೆ ಬಿತ್ತು. ಅವನು ಬಗ್ಗಿ ಎತ್ತಿಕೊಳ್ಳಲಿಲ್ಲ.

"ಬದುಕ್ತು ಅಮ್ಮಾ. ಎರಡು ಮರಿ. ತಾಯಿ ಅವತ್ತೇ ಎದ್ದು ಸೊಪ್ಪು ತಿಂತು. ನನ್ನ ಮಗಳದು ಮೇಕೆ ದೊಡ್ಡೀಲಿ ಕೆಲಸ, ಅವಳೇ ಸರಿಯಾದ ಹೊತ್ತಿಗೆ ಡಾಕ್ಟರನ್ನ ಕರೆಸಿದ್ದು. ತಲೆ ಹಿಡ್ಕೊಂಡಿದ್ದು ನಾನು."

ಅವನ ದನಿ ಹೊರಗಿನ ನಾಲ್ಕು ಮೇಜಿಗೂ ಕೇಳಿಸಿತು. ಅತ್ತ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಬಂತು.

"ಹಾಗಾದ್ರೆ ಸಂಜೆ ಮಗು ನೋಡೋಕೆ ಬನ್ನಿ" ಎಂದರು ಅತ್ತೆ. "ಚೆನ್ನಾಗಿ ಕೈ ತೊಳ್ಕೊಂಡು ಬನ್ನಿ."